ನಿನ್ನ ಹೆಸರಿಗೆ ಚಾಚಿದ ಕೈ

ಕೌದಳ್ಳಿ ಅಂಚೆ, ಹನೂರು ತಾಲ್ಲೂಕು
೧೨ ನವೆಂಬರ್ ೨೦೨೫, ಬುಧವಾರ

ನನ್ನ ಮುದ್ದು ಮಂಗಳ,

ಬರೆಯುತ್ತಿರುವುದು ನಿನ್ನ ಅಕ್ಕ ಸಿದ್ದಿ, ಸ್ವಂತ ಕೈಯಲ್ಲಿ. ಅಕ್ಷರ ನೋಡಿ ನಗಬೇಡ. ಆಶ್ರಮ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೂ ನನ್ನ ಅಕ್ಷರವೇ ಎಲ್ಲರಿಗಿಂತ ದುಂಡಗಿತ್ತು, ಆಮೇಲೆ ಸೌದೆ ಹೊತ್ತು ಹೊತ್ತು ಬೆರಳು ದಪ್ಪವಾದವು. ಯಳಂದೂರಿನ ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರಿಗೆ ಬೇಯಿಸಿ ಹಾಕುವ ನಿನಗೆ ಪುರುಸೊತ್ತು ಕಡಿಮೆ ಅಂತ ಗೊತ್ತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಬ್ಬಳೇ ಕೂತು ಓದು. ಅರ್ಧ ಓದಿ ಸಿಟ್ಟಿನಲ್ಲಿ ಒಲೆಗೆ ಹಾಕಬೇಡ, ಪೂರ್ತಿ ಓದಿ ಆಮೇಲೆ ಹಾಕು.

ಫೋನ್ ಮಾಡಬಹುದಿತ್ತು. ನಮ್ಮ ಪೋಡಿನ ಗುಡಿಸಲುಗಳ ಮೇಲಿನ ಬಂಡೆ ಹತ್ತಿದರೆ ಎರಡು ಗೆರೆ ಸಿಗ್ನಲ್ ಬರುತ್ತದೆ. ಈ ತಿಂಗಳು ಮೂರು ಸಲ ಹತ್ತಿದೆ. ಮೂರು ಸಲವೂ ನೀನು ಊಟ ಆಯ್ತಾ ಅಕ್ಕ ಅಂದೆ, ನಾನು ಆಯ್ತು ಅಂದು ಇಳಿದು ಬಂದೆ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೇ ಇದನ್ನು ಹಿಡಿದಿದ್ದೇನೆ.

ಇಲ್ಲಿ ಎಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಬೆಳಗ್ಗೆ ಒಂಬತ್ತಾದರೂ ಮಂಜು ಕರಗುವುದಿಲ್ಲ. ಒಲೆಯ ಹೊಗೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ರಾಗಿ ತೆನೆ ಬಾಗಿದೆ. ಅಪ್ಪ ಹಂದಿ ಕಾಯುತ್ತೇನೆಂದು ಅಟ್ಟಣೆ ಹತ್ತಿ ಹಂದಿಗಿಂತ ಜೋರಾಗಿ ಗೊರಕೆ ಹೊಡೆಯುತ್ತಾನೆ. ನಿನ್ನ ಭಾವನಿಗೆ ಅದೇ ಫಾರೆಸ್ಟ್ ವಾಚರ್ ಕೆಲಸ, ವಾರದಲ್ಲಿ ಎರಡು ದಿನ ಮನೆ. ನನಗೆ ಮಾತ್ರ ಈಚೆಗೆ ವಿಪರೀತ ನಿದ್ದೆ. ಅವರೆಕಾಯಿ ಸುಲಿಯುತ್ತ ಸುಲಿಯುತ್ತ ಕಣ್ಣು ಮುಚ್ಚಿಹೋಗುತ್ತದೆ. ಈ ಪತ್ರವನ್ನೂ ನಾಲ್ಕು ಸಾಲು ಬರೆಯುವುದು, ತೂಕಡಿಸುವುದು, ಎದ್ದು ಮತ್ತೆ ಬರೆಯುವುದು. ಅಲ್ಲಲ್ಲಿ ಗೆರೆ ಸೊಟ್ಟಗಾಗಿದ್ದರೆ ಅದು ನಿದ್ದೆಯದು.

ನಿದ್ದೆಯಲ್ಲಿ ನನ್ನ ಮಹದೇವಿ ಬರುತ್ತಾಳೆ. ಅವಳು ಹೋಗಿ ನಾಲ್ಕು ವರ್ಷ. ಹೋದಾಗ ಅವಳಿಗೂ ನಾಲ್ಕೇ ವರ್ಷ. ನೀನು ಹೊಲಿಸಿಕೊಟ್ಟ ಹಳದಿ ಲಂಗದಲ್ಲೇ ಬರುತ್ತಾಳೆ. ನನ್ನ ಚಾಪೆಯ ತುದಿಯಲ್ಲಿ ಆ ಕಡೆ ಮುಖ ಮಾಡಿ ಕೂತು, ಮಣ್ಣಿನ ನೆಲದ ಮೇಲೆ ಬೆರಳಲ್ಲಿ ಗೀಚುತ್ತಿರುತ್ತಾಳೆ. ಬೆರಳು ಊದಿರುವುದಿಲ್ಲ, ತೆಳ್ಳಗೆ, ಚೂಟಿಯಾಗಿ ಓಡಾಡುತ್ತವೆ. ಅದನ್ನು ನೋಡಿದ ಕೂಡಲೇ ಇದು ಕನಸು ಅಂತ ಗೊತ್ತಾಗುತ್ತದೆ. ಆದರೂ ನಾನು ಏಳುವುದಿಲ್ಲ. ಚಿಕ್ಕವ್ವ ಎಲ್ಲಿ ಅಂತ ಕೇಳುತ್ತಾಳೆ. ಯಳಂದೂರಿಗೆ ಹೋಗಿದ್ದಾಳೆ ಕಣವ್ವ ಅನ್ನುತ್ತೇನೆ. ಯಾಕೆ ಅಂತ ಕೇಳುತ್ತಾಳೆ. ಅಷ್ಟಕ್ಕೆ ಎಚ್ಚರವಾಗುತ್ತದೆ.

ಆ ಯಾಕೆಗೆ ಉತ್ತರ ಹೇಳಲು ಈ ಪತ್ರ.

ಮೊದಲು ನಿನ್ನ ಗಂಡ ಪುಟ್ಟರಾಜುವಿನ ವಿಷಯ ಹೇಳಿಬಿಡುತ್ತೇನೆ, ಕೇಳಬೇಕೆಂದು ಆಸೆ ಇದ್ದರೂ ನೀನಾಗಿ ಕೇಳುವವಳಲ್ಲ. ಪ್ರತಿ ಸೋಮವಾರ ನಮ್ಮ ಮನೆಗೆ ಬರುತ್ತಾನೆ. ಏನಾದರೂ ಒಂದು ನೆವ ಹುಡುಕಿಕೊಂಡು ಬರುತ್ತಾನೆ. ಒಂದು ವಾರ ಸೂರು ಸರಿಮಾಡಲು, ಇನ್ನೊಂದು ವಾರ ಜೇನು ಕೊಡಲು. ಜಗಲಿಯಲ್ಲಿ ಕೂತು ನಾನು ಕೊಟ್ಟ ಟೀ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋಗುತ್ತಾನೆ. ಮದುವೆಯಾದ ಗಂಡಸು ಲೋಟ ತೊಳೆಯುವುದನ್ನು ನೋಡಿ ಅವ್ವ ಹಿಂದಿನಿಂದ ಮೂತಿ ತಿರುವುತ್ತಾಳೆ. ಹೋದ ತಿಂಗಳು ಅವನ ತಾಯಿ ಬೇರೆ ಹೆಣ್ಣು ನೋಡುವ ಮಾತೆತ್ತಿದಳಂತೆ. ನನಗೆ ಹೆಂಡ್ತಿ ಅವ್ಳೆ, ದೂರ ಅವ್ಳೆ ಅಷ್ಟೆಯಾ ಅಂದನಂತೆ. ಅವನ ಅಂಗಿಯ ಜೇಬಿನಲ್ಲಿ ನಿಮ್ಮಿಬ್ಬರ ರಕ್ತ ಪರೀಕ್ಷೆಯ ಕಾರ್ಡುಗಳೂ ಇವೆ, ಅವನದು, ನೀನು ಬಿಟ್ಟುಹೋದ ನಿನ್ನದು. ಆಗಾಗ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ ಮತ್ತೆ ಒಳಗಿಡುತ್ತಾನೆ. ಬೆವರಿಗೆ ಅಂಚೆಲ್ಲ ಸುರುಟಿಕೊಂಡಿದೆ.

ಆ ಕಾರ್ಡು ಹೊರಗೆ ಬಂದರೆ ನಾನು ಕೈಗೆ ಸಿಕ್ಕ ಕೆಲಸ ಹಿಡಿದುಕೊಳ್ಳುತ್ತೇನೆ.

ಮಾರ್ಚ್ ತಿಂಗಳ ಆ ದಿನ ನಾನೂ ಜೊತೆಯಲ್ಲಿದ್ದೆ, ನೆನಪಿದೆಯಾ? ಹನೂರು ಬಸ್ ಸ್ಟ್ಯಾಂಡಿನ ಹಿಂದೆ ಯಶೋದಾ ಡಾಕ್ಟರಮ್ಮನ ಕ್ಲಿನಿಕ್ಕು. ಅಪ್ಪನ ಹಾವು ಕಡಿತದಿಂದ ನನ್ನ ಹೆರಿಗೆಯವರೆಗೆ ನಮ್ಮ ಮನೆಯ ದೊಡ್ಡವರನ್ನೆಲ್ಲ ನೋಡಿದವರು. ನೀವು ಗಂಡ ಹೆಂಡತಿ ಹೋಗಿ ಮಗು ಬೇಕು ಅಂತ ಇದೀವಿ ಅಮ್ಮಾ ಅಂದಾಗ ಅವರಿಗೆ ಎಷ್ಟು ಖುಷಿಯಾಯಿತು! ಬಸುರಿಯಾದ ಮೇಲೆ ಓಡಿ ಬರುವವರೇ ಎಲ್ಲ, ಮೊದಲೇ ಬಂದವರು ನೀವೇ ಅಂದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಆಮೇಲೆ ಕಾರ್ಡು ಕೇಳಿದರು. ಇಬ್ಬರವನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಅವರ ನಗು ಮೆಲ್ಲಗೆ ಇಳಿದುಹೋಯಿತು.

ಅವರು ನಿಧಾನವಾಗಿಯೇ ಬಿಡಿಸಿ ಹೇಳಿದರು. ಸಿಕಲ್ ಸೆಲ್ ಅಂದರೆ ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುವುದು. ನಿಮ್ಮಿಬ್ಬರಿಗೂ ರೋಗವಿಲ್ಲ, ಒಂದೊಂದು ಪಾಲು ರಕ್ತದಲ್ಲಿ ಇದೆ, ಅಷ್ಟೆ. ಆದರೆ ಎರಡೂ ಪಾಲು ಒಂದೇ ಮಗುವಿಗೆ ಹೋದರೆ ಆ ಮಗುವಿಗೆ ರೋಗ ಬರುತ್ತದೆ. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಸಲ ಹಾಗಾಗಬಹುದು. ಹೆದರಬೇಡಿ, ಮಗು ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು, ಹುಟ್ಟಿದರೂ ಈಗ ಔಷಧ ಇದೆ, ಅದಕ್ಕೂ ಮೊದಲು ಕೊಳ್ಳೇಗಾಲದ ಲ್ಯಾಬಿನಲ್ಲಿ ಇಬ್ಬರದೂ ಇನ್ನೊಂದು ಸಲ ನೋಡಿಸೋಣ ಅಂದರು. ನೀನು ಒಂದೇ ಮಾತು ಕೇಳಿದೆ. ಕೈ ಕಾಲು ಊದಿಕೊಂಡು ಅಳುತ್ತವಾ ಆ ಮಕ್ಕಳು ಅಂತ. ಡಾಕ್ಟರಮ್ಮ ಹೌದು ಅಂದರು. ನೀನು ನನ್ನ ಕಡೆ ತಿರುಗಿ ನೋಡಿದೆ. ಆಮೇಲೆ ಯಾರು ಏನು ಹೇಳಿದರೂ ನಿನ್ನ ಕಿವಿಗೆ ಹೋಗಲಿಲ್ಲ.

ಇನ್ನೊಂದು ಸಲ ರಕ್ತ ಕೊಡಲ್ಲ ಅಂದೆ. ಮಹದೇವಿ ನರಳಿದ ಹಾಗೆ ಇನ್ನೊಂದು ಮಗು ನರಳುವುದನ್ನು ನೋಡಲ್ಲ ಅಂದೆ. ಅವಳು ಕಡೆಯ ತಿಂಗಳು ಮಲಗಿದ್ದು ನಿನ್ನ ತೊಡೆಯ ಮೇಲಲ್ಲವಾ. ಮಾರನೇ ವಾರ ಗಂಡನಿಗೆ ಬೇರೆ ಹೆಣ್ಣು ನೋಡಿಕೋ ಅಂತ ಹೇಳಿ, ಪೋಡಿನವರಿಗೆ ಕೆಲಸ ಸಿಕ್ಕಿತು ಅಂತ ಸುಳ್ಳು ಕಾರಣ ಕೊಟ್ಟು, ಬಸ್ಸು ಹತ್ತಿದೆ. ನಾನೇ ಕೌದಳ್ಳಿಯವರೆಗೂ ಬಂದು ನಿನ್ನ ಚೀಲವನ್ನು ಸೀಟಿನ ಮೇಲೆ ಇಟ್ಟೆ. ಬಸ್ಸು ಹೊರಡುವವರೆಗೂ ಬಾಯಿ ತೆರೆಯಲಿಲ್ಲ. ಮಂಗಳ, ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ ಒಂದಿತ್ತು. ಎಂಟು ತಿಂಗಳು ತಡವಾಗಿ ಈಗ ಹೇಳುತ್ತಿದ್ದೇನೆ.

ಆ ಕಾರ್ಡಿನಲ್ಲಿರುವುದು ನಿನ್ನ ರಕ್ತ ಅಲ್ಲ. ನನ್ನದು.

ಬರುವ ತಿಂಗಳಿಗೆ ಎರಡು ವರ್ಷ. ನೆಲ್ಲಿಕಾಯಿ ಕಾಲ. ನೀನು ಪುಟ್ಟರಾಜುವಿನ ಜೊತೆ ಕಾಡಿಗೆ ಹೋದ ಬೆಳಗ್ಗೆ. ನಿನ್ನ ಸೆರಗಿಗೆ ರಾಗಿ ಹಿಟ್ಟು, ಉಪ್ಪು, ಬೆಂಕಿಪೊಟ್ಟಣ ಕಟ್ಟಿಕೊಟ್ಟವಳು ನಾನೇ. ನಮ್ಮಲ್ಲಿ ಮನಸ್ಸಾದವರು ಹೀಗೆ ಹೋಗುವುದು ಹೊಸದೇನೂ ಅಲ್ಲ, ಅಪ್ಪ ಅವ್ವನೂ ಹೋಗಿ ಬಂದವರೇ. ಮೂರು ದಿನ ಕಳೆದು ಬಂದರೆ ಯಜಮಾನ ಮಾರಯ್ಯ ನಾಲ್ಕು ಬೈದ ಹಾಗೆ ಮಾಡಿ, ತಪ್ಪುಕಾಣಿಕೆ ಇಡಿಸಿ, ತಾಳಿ ಕಟ್ಟಿಸುತ್ತಾನೆ. ಆದರೆ ಮೊದಲ ದಿನವೇ ಸಿಕ್ಕಿಬಿದ್ದರೆ ಬಿಡಿಸಿ ಕರೆದುಕೊಂಡು ಬರುತ್ತಾರೆ. ಅಪ್ಪ ಬೇರೆ ನಿನ್ನನ್ನು ಪಾಲಾರಿನ ಕಡೆಯವರಿಗೆ ಕೊಡುವುದೆಂದು ಮಾತಾಡಿ ಬಂದಿದ್ದ. ನಿಮಗೆ ಬೇಕಾಗಿದ್ದದ್ದು ಒಂದು ಹಗಲು. ಬಿಳಿ ಬಂಡೆ ದಾಟುವಷ್ಟು ಹೊತ್ತು.

ಅದೇ ದಿನ ಬರಬೇಕಾ ಆ ಜೀಪು! ಶಾಲೆಯಲ್ಲಿ ರಕ್ತ ಪರೀಕ್ಷೆ, ಎಲ್ಲರೂ ಬನ್ನಿ ಅಂತ ಸಾರಿದರು. ಗಂಡಸರನ್ನು ಮುಂದಿನ ಅಂಗಳದಲ್ಲಿ ನಿಲ್ಲಿಸಿದರು, ಹೆಂಗಸರನ್ನು ಹಿಂದಿನ ಬಾಗಿಲಲ್ಲಿ. ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಿದ್ದರು. ಪುಟ್ಟರಾಜು ಹಿಂದಿನ ತಿಂಗಳೇ ಕೌದಳ್ಳಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಿದ್ದ, ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ಪುಟ್ಟಬೊಮ್ಮನ ಮಗಳು ಮಂಗಳ ಅಂದರು. ಎರಡನೇ ಸಲ ಕೂಗಿದರು. ಮುಂದಿನ ಅಂಗಳದಿಂದ ಅಪ್ಪ, ಎಲ್ಲೋದ್ಲು ಇವ್ಳು, ಕೂಗ್ತಾವ್ರೆ ಕೇಳಿಸ್ತಿಲ್ವಾ ಅಂತ ಗದರುವುದು ಕೇಳಿಸಿತು. ಮೂರನೇ ಸಲ ಕೂಗಿದರೆ ಎದ್ದು ಬರುತ್ತಾನೆ, ಮನೆಯಲ್ಲಿ ಹುಡುಕುತ್ತಾನೆ, ಮಧ್ಯಾಹ್ನದೊಳಗೆ ನಾಯಿ ಕರೆದುಕೊಂಡು ಕಾಡಿಗೆ ಇಳಿಯುತ್ತಾನೆ.

ನಾನು ಇದ್ದೀನಿ ಅಂದುಬಿಟ್ಟೆ.

ನಿನ್ನ ದನಿ ನನ್ನ ದನಿ ಒಂದೇ ಅಂತ ಅವ್ವ ಯಾವಾಗಲೂ ಹೇಳುತ್ತಾಳಲ್ಲ, ಅವತ್ತು ಉಪಯೋಗಕ್ಕೆ ಬಂತು. ಒಳಕ್ಕೆ ನುಗ್ಗಿ, ಮನೆಯವರೆಲ್ಲರದರ ಜೊತೆ ತಂದಿದ್ದ ನಿನ್ನ ಆಧಾರ್ ಕಾರ್ಡ್ ಕೊಟ್ಟು, ಕೈ ಚಾಚಿದೆ. ಆ ಫೋಟೋದಲ್ಲಿ ಇರುವವರು ನೀನೋ ನಾನೋ ಅವ್ವನೋ ದೇವರಿಗೇ ಗೊತ್ತು. ಹೊಸ ನರ್ಸು ಮುಖ ಕೂಡ ನೋಡಲಿಲ್ಲ. ನನ್ನ ಹೆಸರು ಕೂಗುವ ಹೊತ್ತಿಗೆ ನಾನು ಮನೆಗೆ ಬಂದು ಒಲೆ ಮುಂದೆ ಕೂತು ನಗುತ್ತಿದ್ದೆ. ಇನ್ನೊಬ್ಬರ ಹೆಸರಿಗೆ ರೇಷನ್ ಅಂಗಡಿಯಲ್ಲಿ ಸಾಲು ನಿಂತಿದ್ದೇನೆ, ಗ್ರಾಮಸಭೆಯಲ್ಲಿ ಸೈನ್ ಹಾಕಿದ್ದೇನೆ. ಇದೂ ಅಷ್ಟೇ ಅಂದುಕೊಂಡೆ. ರಕ್ತ ಅನ್ನುವುದು ಸೈನ್ ಅಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಆ ಹಗಲು ನೀವು ಬಿಳಿ ಬಂಡೆ ದಾಟಿದಿರಿ. ಮೂರು ದಿನ ಬಿಟ್ಟು ಮುಡಿ ತುಂಬ ಕಾಡುಹೂವು ಮುಡಿದು ನೀನು ಬಂದಾಗ ನಾನು ಕೂಗಿಕೊಂಡು ಕುಣಿದೆ. ನಿನ್ನ ಮದುವೆ ಮಾಡಿಸಿದವಳು ನಾನು ಅಂತ ಒಳಗೊಳಗೇ ಜಂಬ. ಕಾಡಿನ ಚಳಿಗೆ ನಿನಗೆ ಜ್ವರ ಬಂದು, ಕೌದಳ್ಳಿ ಆಸ್ಪತ್ರೆಯಲ್ಲಿ ರಕ್ತ ತೆಗೆದರಲ್ಲ? ಎರಡು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಆ ಕಾರ್ಡು ತಂದುಕೊಟ್ಟಾಗ ನೀನು ನನ್ನನ್ನೇ ಕೇಳಿದೆ. ಅಕ್ಕ, ಜ್ವರ ಬಂದಾಗ ತಕಂಡ್ರಲ್ಲ, ಅದಾ ಇದು ಅಂತ.

ನಾನು ಹೂಂ ಅಂದೆ.

ಮೊದಲ ಸುಳ್ಳನ್ನು ನಾನು ನಿನಗೋಸ್ಕರ ಹೇಳಿದೆ. ಇದನ್ನು ನನಗೋಸ್ಕರ ಹೇಳಿಕೊಂಡೆ. ಯಾಕೆಂದರೆ ಅಷ್ಟು ಹೊತ್ತಿಗೆ ಆಶಾ ಕಾರ್ಯಕರ್ತೆ ಜಗಲಿಯಲ್ಲಿ ಕೂತು ಎಲ್ಲ ಹೇಳಿಯಾಗಿತ್ತು. ಎರಡು ಕಡೆಯಿಂದ ಬಂದರೆ ಮಗುವಿನ ಕೈ ಕಾಲು ಊದುತ್ತದೆ, ಚಳಿ ಬಂದರೆ ಮೂಳೆಯೊಳಗೆ ನೋವು, ಕಣ್ಣು ಹಳದಿ. ನಾನು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವರು ನನ್ನ ಮಹದೇವಿಯನ್ನು ಕಣ್ಣಾರೆ ನೋಡಿದವರ ಹಾಗೆ ಒಂದೊಂದೇ ಹೇಳುತ್ತಿದ್ದರು. ನನ್ನ ಕೈ ನಿಂತುಹೋಯಿತು. ಮತ್ತೆ ಸುಲಿಯಲು ಶುರು ಮಾಡಿದೆ.

ನನ್ನ ಮಗಳು ತೊರೆಯ ನೀರು ಕುಡಿದು ಕಾಮಾಲೆಯಾಗಿ ಹೋದಳು ಅಂತ ನಾನು ನಂಬಿಕೊಂಡಿದ್ದೆ. ತೊರೆಯನ್ನು ಬೈಯಬಹುದು, ಕಲ್ಲು ಎಸೆಯಬಹುದು. ನಾನು ಎಸೆದೂ ಇದ್ದೇನೆ. ಆದರೆ ಒಂಬತ್ತು ತಿಂಗಳು ಹೊತ್ತ ನನ್ನ ಮೈಯಿಂದಲೇ ಅವಳ ನೋವು ಹೋಗಿದೆ ಅಂದರೆ ಕಲ್ಲನ್ನು ಯಾರಿಗೆ ಎಸೆಯಲಿ? ಆ ಕಾರ್ಡು ನಿನ್ನ ಹೆಸರಿನಲ್ಲಿ ಇರುವವರೆಗೆ ಆ ರಕ್ತ ನಿನ್ನದು, ನನ್ನದಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಅಲ್ಲ, ಒಂದೂ ಮುಕ್ಕಾಲು ವರ್ಷ. ಡಾಕ್ಟರಮ್ಮನ ಮುಂದೆ ನೀನು ತಿರುಗಿ ನೋಡಿದಾಗಲೂ ಹೇಳಿಕೊಂಡೆ. ಬಸ್ಸಿನ ಸೀಟಿನ ಮೇಲೆ ನಿನ್ನ ಚೀಲ ಇಡುವಾಗಲೂ ಹೇಳಿಕೊಂಡೆ. ನಿನ್ನ ಮನೆ ಒಡೆಯಿತು, ನನಗೆ ನಿದ್ದೆ ಬರುತ್ತಿತ್ತು. ಇಂಥ ಅಕ್ಕನನ್ನು ನೀನು ಏನು ಬೇಕಾದರೂ ಅನ್ನು. ನಾನು ಎದುರಾಡುವುದಿಲ್ಲ.

ಈಗ ಹೇಗೆ ಬಾಯಿ ಬಂತು ಅಂತ ಕೇಳುತ್ತೀಯ. ಹೋದ ತಿಂಗಳು ಸುಸ್ತು ಜಾಸ್ತಿಯಾಗಿ ಹನೂರಿಗೆ ಹೋದೆ. ಡಾಕ್ಟರಮ್ಮ ರಕ್ತ ತೆಗೆದು ಕೊಳ್ಳೇಗಾಲಕ್ಕೆ ಕಳಿಸಿದರು. ಈ ಸಲ ನನ್ನ ಹೆಸರಿನಲ್ಲೇ. ಒಂದು ಪಾಲು ಇದೆ ಅಂತ ಬಂತು. ನಿನ್ನ ಭಾವನನ್ನೂ ಕರೆಸಿದರು, ಅವನದರಲ್ಲೂ ಇದೆ. ನಿನ್ನ ತಂಗಿಗೂ ಹೀಗೇ ಇತ್ತಲ್ಲ ಅಂದರು ಡಾಕ್ಟರಮ್ಮ. ಅವರ ಮೇಜಿನ ಮೇಲೆ ತಲೆ ಇಟ್ಟು ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಮಗು ಹೋಗಿದ್ದು ನಿನ್ನ ತಪ್ಪಲ್ಲ ಸಿದ್ದಿ, ಯಾರಿಗೂ ಗೊತ್ತಿರಲಿಲ್ಲ, ಆದರೆ ಈಗ ಗೊತ್ತಿರುವುದನ್ನು ಬಚ್ಚಿಟ್ಟರೆ ಅದು ತಪ್ಪು ಅಂದರು.

ನಿನ್ನ ಭಾವ ಮನೆಗೆ ಬಂದವನು ನೇರವಾಗಿ ತೊರೆಗೆ ಇಳಿದ. ನಾನು ಹಿಂದೆಯೇ ಹೋದೆ. ದಡದಲ್ಲಿ ಕೂತು ಎರಡು ಕೈಯಲ್ಲೂ ನೀರು ತುಂಬಿಕೊಂಡು ಕುಡಿಯುತ್ತಿದ್ದ. ನಾಲ್ಕು ವರ್ಷದಿಂದ ನಾವಿಬ್ಬರೂ ಆ ನೀರು ಮುಟ್ಟಿರಲಿಲ್ಲ, ಗೊತ್ತಲ್ಲ. ಪಾಪ, ಇದ್ರದ್ದೇನೂ ತಪ್ಪಿರ್ಲಿಲ್ಲ ಕಣೆ ಅಂದ. ನಾನೂ ಕುಡಿದೆ. ಹಿಂದಿನ ಹಾಗೇ ತಣ್ಣಗೆ ಇತ್ತು.

ಈಗ ನಿನ್ನ ವಿಷಯ. ಗಮನವಿಟ್ಟು ಓದು. ನಿನ್ನ ರಕ್ತವನ್ನು ಈ ವಿಷಯಕ್ಕೆ ಇವತ್ತಿನವರೆಗೆ ಯಾರೂ ನೋಡಿಯೇ ಇಲ್ಲ. ನನಗೆ ಬಂದಿದೆ ಅಂದರೆ ಅಪ್ಪನಿಂದಲೋ ಅವ್ವನಿಂದಲೋ ಬಂದಿದೆ. ಹಾಗಾಗಿ ನಿನಗೂ ಬಂದಿರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ ಅಂತ ಡಾಕ್ಟರಮ್ಮ ಹೇಳುತ್ತಾರೆ. ಕೊಳ್ಳೇಗಾಲಕ್ಕೆ ಹೋಗಿ ನೋಡಿಸು. ನಿನಗೆ ಇಲ್ಲದಿದ್ದರೆ ಪುಟ್ಟರಾಜುವಿನ ಒಂದು ಪಾಲಿನಿಂದ ಮಗುವಿಗೆ ಆ ರೋಗ ಬರುವುದಿಲ್ಲ. ಇದ್ದರೆ, ಇದೆ ಅಂತ ನಿಜವಾಗಿ ಗೊತ್ತಾಗುತ್ತದೆ. ಆಮೇಲೆ ಏನು ಮಾಡಬೇಕೆಂದು ನೀವಿಬ್ಬರೂ ಕೂತು ಯೋಚಿಸಿ. ಒಬ್ಬಳೇ ಯೋಚಿಸಿ ಬಸ್ಸು ಹತ್ತಬೇಡ. ನಿನ್ನದು ಮೊದಲಿಂದಲೂ ಹೊರಟರೆ ಹಿಂತಿರುಗಿ ನೋಡದ ಕಾಲು.

ಪುಟ್ಟರಾಜುವಿಗೆ ನಾನು ಇನ್ನೂ ಹೇಳಿಲ್ಲ. ಮೊನ್ನೆ ಸೋಮವಾರ ನಾಲಿಗೆ ತುದಿಗೆ ಬಂದಿತ್ತು. ಅವನು ಕಾರ್ಡುಗಳನ್ನು ಜೇಬಿಗೆ ಇಡುವುದನ್ನು ನೋಡಿ ನುಂಗಿಕೊಂಡೆ. ನಿನ್ನ ರಕ್ತದ ಸುದ್ದಿಯನ್ನು ನಿನಗಿಂತ ಮೊದಲು ಕಾರ್ಡಿಗೆ ಬರೆಸಿದವಳು ನಾನು, ಅದೂ ಸುಳ್ಳು ಸುದ್ದಿ. ಈ ಸಲ ನೀನೇ ಹೇಳು, ಇಲ್ಲವೆ ಹೇಳಬೇಡ. ಕೊಳ್ಳೇಗಾಲದ ಬಸ್ಸಿಗೆ ಅವನನ್ನೂ ಬರಹೇಳಿದರೆ ಅವನು ಕಾರಣ ಕೇಳದೆ ಬರುತ್ತಾನೆ. ಅಷ್ಟು ಮಾತ್ರ ನಾನು ಬಲ್ಲೆ.

ಮಂಜು ಕರಗಿದೆ. ಬಿಸಿಲು ಚಾಪೆಯ ಮೇಲೆ ಬಂದಿದೆ. ನನಗೆ ಮತ್ತೆ ನಿದ್ದೆ ಎಳೆಯುತ್ತಿದೆ. ಇವತ್ತು ಮಹದೇವಿ ಬಂದು ಚಿಕ್ಕವ್ವ ಯಾಕೆ ಹೋದಳು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ನನ್ನಿಂದ ಹೋದಳು ಕಣವ್ವ ಅನ್ನುತ್ತೇನೆ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಬಾ ಅಂತ ಮಾತ್ರ ಕೇಳುತ್ತೇನೆ.

ನಿನ್ನ ಹೆಸರು ಕೂಗಿದಾಗ ಓಗೊಟ್ಟವಳು,
ನಿನ್ನ ಅಕ್ಕ
ಸಿದ್ದಿ

ತಾ.ಕ.: ಪತ್ರ ಮಡಿಸಿ ಅಂಟು ಹಾಕಿದ್ದವಳು ಮತ್ತೆ ಬಿಚ್ಚಿದೆ. ಇಷ್ಟು ಹೇಳಿದ ಮೇಲೂ ಒಂದನ್ನು ಬಚ್ಚಿಟ್ಟಿದ್ದೆ. ಮಗು ಬೇಕೆಂದು ಆಸೆಪಟ್ಟು ಆ ಆಸೆಯನ್ನೇ ಬಿಟ್ಟು ಹೋದವಳಿಗೆ ಇದನ್ನು ಹೇಗೆ ಬರೆಯಲಿ ಅಂತ. ನನ್ನದು ಸುಸ್ತಿನ ನಿದ್ದೆ ಅಲ್ಲ ಮಂಗಳ. ನನಗೆ ಹತ್ತು ವಾರ. ಈ ಮಗು ಹೊಟ್ಟೆಗೆ ಬರದಿದ್ದರೆ ನಾನು ಇವತ್ತಿಗೂ ಬಾಯಿ ಬಿಡುತ್ತಿರಲಿಲ್ಲವೇನೋ, ಅದೂ ನಿನಗೆ ಗೊತ್ತಿರಲಿ. ಬರುವ ಬುಧವಾರ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಗುವಿನ ಪರೀಕ್ಷೆ. ನಾಲ್ಕರಲ್ಲಿ ಒಂದು. ಮೂರು ದಿನದಿಂದ ಮಹದೇವಿ ಕನಸಿನಲ್ಲಿ ಚಾಪೆಯ ಮೇಲೆ ಸ್ವಲ್ಪ ಸರಿದು ಕೂತುಕೊಳ್ಳುತ್ತಿದ್ದಾಳೆ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ. ಅಲ್ಲಿಯೂ ಹೆಸರು ಕೂಗುತ್ತಾರಂತೆ. ಸಿದ್ದಿ ಅಂತ ಕೂಗಿದಾಗ ನಾನೇ ಇದ್ದೀನಿ ಅನ್ನಬೇಕು, ನನ್ನ ಬದಲು ನೀನು ಕೈ ಚಾಚುವ ಹಾಗಿಲ್ಲ. ಚಾಚಬೇಡ. ಬಂದು ಪಕ್ಕದ ಬೆಂಚಿನ ಮೇಲೆ ಸುಮ್ಮನೆ ಕೂತಿರು, ಸಾಕು.